ಗೆರೆ ಎಳೆದ ಇತಿಹಾಸಕಾರ

ಕೊಡಗಿನ ದುಬಾರೆಗೆ ಹೋದವರಿಗೆಲ್ಲ ಅಲ್ಲಿನ ಬೆಳಗಿನ ನೋಟ ಗೊತ್ತು. ಕಾವೇರಿಯ ಈ ದಡದಲ್ಲಿ ದೋಣಿಗಾಗಿ ಕಾಯುವ ಪ್ರವಾಸಿಗರು, ಆ ದಡದಲ್ಲಿ ಸಾಕಾನೆಗಳ ಶಿಬಿರ. ಬೇಸಿಗೆಯಾದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆದೇ ದಾಟಬಹುದು. ಆನೆಗಳನ್ನು ನೀರಿಗಿಳಿಸಿ ಮೈ ಉಜ್ಜುವ ಮಾವುತರು ಮತ್ತು ಕಾವಾಡಿಗಳಲ್ಲಿ ಅನೇಕರು ಜೇನುಕುರುಬರು. ದಸರಾ ಬಂದಾಗ ಇಲ್ಲಿನ ಆನೆಗಳು ಮೈಸೂರಿಗೆ ಹೋಗಿ ಮೆರವಣಿಗೆಯಲ್ಲಿ ನಡೆದು ಮತ್ತೆ ಕಾಡಿಗೆ ಮರಳುತ್ತವೆ. ಮೈಸೂರಿನ ಹಬ್ಬಕ್ಕೆ ಕೊಡಗಿನ ಆನೆ ಎಂಬುದು ನಮಗೆ ಈಗ ಸಹಜವಾಗಿ ಕಾಣುತ್ತದೆ.

ಆದರೆ 1956ರ ನವೆಂಬರ್ 1ರ ತನಕ ದುಬಾರೆ ಇದ್ದದ್ದು ಬೇರೆಯೇ ರಾಜ್ಯದಲ್ಲಿ. ಇದೇ ನದಿ ಇಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸಿನ ಕುಶಾಲನಗರಕ್ಕೆ ಹೋದಾಗ ಸೇತುವೆಯ ಒಂದು ತುದಿಯಲ್ಲಿ ಕೊಡಗು ರಾಜ್ಯ ಮುಗಿದು ಇನ್ನೊಂದು ತುದಿಯಲ್ಲಿ ಮೈಸೂರು ರಾಜ್ಯ ಶುರುವಾಗುತ್ತಿತ್ತು. ಆ ಗೆರೆಯನ್ನು ಅಳಿಸಲು ಶಿಫಾರಸು ಮಾಡಿದ ಮೂವರಲ್ಲಿ ಒಬ್ಬರು ಸರ್ದಾರ್ ಕಾವಾಲಂ ಮಾಧವ ಪಣಿಕ್ಕರ್. ಇತಿಹಾಸಕಾರರಾಗಿ ಬದುಕು ಆರಂಭಿಸಿ, ಪತ್ರಕರ್ತರಾಗಿ, ರಾಜರ ದಿವಾನರಾಗಿ, ಸ್ವತಂತ್ರ ಭಾರತದ ರಾಯಭಾರಿಯಾಗಿ, ರಾಜ್ಯಸಭಾ ಸದಸ್ಯರಾಗಿ, ಕೊನೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1963ರ ಡಿಸೆಂಬರ್ 10ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದವರು.

ಕನ್ನಡಿಗರು ಪಣಿಕ್ಕರ್ ಅವರನ್ನು ನೆನೆಯುವುದು ಬಹುಮಟ್ಟಿಗೆ ಕಾಸರಗೋಡಿನ ಕಾರಣಕ್ಕೆ, ಅದೂ ಕಹಿಯಿಂದ. ಆ ಕಹಿಗೆ ಕಾರಣವಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಬುದ್ಧಿಯನ್ನು, ಅದರ ದೊಡ್ಡ ಕುರುಡನ್ನು, ಎರಡನ್ನೂ ಅರ್ಥ ಮಾಡಿಕೊಳ್ಳುವ ಅವಕಾಶ ಕಳೆದುಕೊಳ್ಳುತ್ತೇವೆ. ಇತಿಹಾಸ ಬರೆದವನ ಕೈಗೆ ಅಧಿಕಾರವೂ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆ ಹಳೆಯದಲ್ಲ, ಇಂದಿನದೂ ಹೌದು.

ಕಡಲಿನಿಂದ ಕಂಡ ಚರಿತ್ರೆ

ಪಣಿಕ್ಕರ್ ಹುಟ್ಟಿದ್ದು 1895ರ ಜೂನ್ 3ರಂದು, ಆಗಿನ ತಿರುವಾಂಕೂರಿನ ಕುಟ್ಟನಾಡಿನ ಕಾವಾಲಂನಲ್ಲಿ. ಮದರಾಸಿನ ನಂತರ ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ ಮರಳಿದ ತರುಣ ಮೊದಲು ಪಾಠ ಹೇಳಲು ಹೋದದ್ದು ಅಲಿಗಢಕ್ಕೆ. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳು ಒಂದಾಗಿ ಹರಿಯುತ್ತಿದ್ದ ದಿನಗಳವು. ಮುಸ್ಲಿಂ ತರುಣರ ರಾಜಕೀಯ ತಳಮಳವನ್ನು ಅವರು ಬಹಳ ಹತ್ತಿರದಿಂದ ಕಂಡವರು. ಆಮೇಲೆ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದರು. ಅಕಾಲಿ ಚಳವಳಿಗೆ ನೆರವಾಗಲು ಗಾಂಧೀಜಿ ಅವರನ್ನು ಅಮೃತಸರಕ್ಕೆ ಕಳಿಸಿದರು. 1924ರಲ್ಲಿ ಆರಂಭವಾದ ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯ ಮೊದಲ ದಿನಗಳ ಸಂಪಾದಕರು ಅವರೇ.

ಇತಿಹಾಸಕಾರರಾಗಿ ಅವರ ಹೆಸರು ನಿಲ್ಲಿಸಿದ್ದು ಕಡಲು. ಮಲಬಾರಿನಲ್ಲಿ ಪೋರ್ಚುಗೀಸರ ಕುರಿತು 1929ರಲ್ಲಿ, ಡಚ್ಚರ ಕುರಿತು 1931ರಲ್ಲಿ ಪುಸ್ತಕ ಬರೆದರು. 1945ರಲ್ಲಿ ಹಿಂದೂ ಮಹಾಸಾಗರದ ಬಗ್ಗೆ ಬರೆದರು. ಇವೆಲ್ಲದರ ಫಲವಾಗಿ 1953ರಲ್ಲಿ ಬಂದದ್ದು ಏಷ್ಯಾ ಮತ್ತು ಪಾಶ್ಚಾತ್ಯ ಪ್ರಾಬಲ್ಯವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದ 1498ರಿಂದ ಎರಡನೇ ಮಹಾಯುದ್ಧ ಮುಗಿದ 1945ರವರೆಗಿನ ನಾಲ್ಕೂವರೆ ಶತಮಾನಗಳನ್ನು ಅವರು ಒಂದೇ ಯುಗವೆಂದು ಕಂಡರು, ಅದನ್ನು ವಾಸ್ಕೋ ಡ ಗಾಮ ಯುಗವೆಂದು ಕರೆದರು.

ಈ ಕೃತಿಯ ಮಹತ್ವ ಇಂದಿಗೂ ಕಡಿಮೆಯಾಗಿಲ್ಲ. ಯುರೋಪಿನವರು ಏಷ್ಯಾದ ಚರಿತ್ರೆ ಬರೆಯುತ್ತಿದ್ದ ಕಾಲದಲ್ಲಿ ಏಷ್ಯಾದ ಒಬ್ಬ ವಿದ್ವಾಂಸ ಯುರೋಪಿನ ಚರಿತ್ರೆಯನ್ನು ತನ್ನ ದಡದಿಂದ ನೋಡಿ ಬರೆದದ್ದು ಇದು. ಪೋರ್ಚುಗೀಸರು ಬಂದದ್ದು ಬರಿಯ ಮೆಣಸಿಗಾಗಿ ಅಲ್ಲ, ಶಿಲುಬೆ ಯುದ್ಧದ ಹಗೆಯನ್ನೂ ಹಡಗಿನಲ್ಲಿ ಹೊತ್ತು ತಂದರು, ಇಸ್ಲಾಮಿನ ನಾಡುಗಳನ್ನು ಹಿಂದಿನಿಂದ ಸುತ್ತುವರಿಯುವುದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು ಎಂಬುದನ್ನು ಪಣಿಕ್ಕರ್ ಮುಚ್ಚುಮರೆ ಇಲ್ಲದೆ ಹೇಳಿದರು. ಅದಕ್ಕೆ ಮೊದಲು ಅರಬ್ ವ್ಯಾಪಾರಿಗಳು ಶತಮಾನಗಳ ಕಾಲ ತೋಪುಗಳಿಲ್ಲದೆ ಈ ಕಡಲಲ್ಲಿ ವ್ಯಾಪಾರ ಮಾಡಿದ್ದರು. ಹಿಂದೂ ಅರಸನಾದ ಸಾಮೂದಿರಿಯ ನೌಕಾಬಲವನ್ನು ಕಟ್ಟಿ ಪೋರ್ಚುಗೀಸರನ್ನು ಎದುರಿಸಿದವರು ಕುಂಞಾಲಿ ಮರಕ್ಕಾರರು. ಹದಿನಾರನೇ ಶತಮಾನದ ಆ ಹೋರಾಟವನ್ನು ಅರಬ್ಬಿಯಲ್ಲಿ ದಾಖಲಿಸಿದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ಕೃತಿಯ ಬಗ್ಗೆ ನಮ್ಮ ಓದುಗರಲ್ಲಿ ಹಲವರು ಕೇಳಿರುತ್ತಾರೆ. ಆ ಕಥೆಗೆ ಆಧುನಿಕ ಇತಿಹಾಸದಲ್ಲಿ ಸ್ಥಾನ ಕೊಟ್ಟವರಲ್ಲಿ ಪಣಿಕ್ಕರ್ ಮುಖ್ಯರು.

ಆದರೆ ಕಡಲಿನಿಂದ ನೋಡುವವನಿಗೆ ಬಂದರು ಕಾಣುತ್ತದೆ, ಬಂದರಿಗೆ ಮೆಣಸು ಹೊತ್ತು ತಂದವನು ಕಾಣುವುದಿಲ್ಲ. ಘಟ್ಟದ ಮೆಣಸು, ಏಲಕ್ಕಿ, ಜೇನು, ಆನೆದಂತ ಇವೆಲ್ಲ ಕಾಡಿನಿಂದ ಇಳಿದು ಕಡಲಿಗೆ ಹೋದವು. ಕಾಡಿನ ಜನರ ಬೆವರು ಅದರಲ್ಲಿತ್ತು. ಪಣಿಕ್ಕರರ ಪುಟಗಳಲ್ಲಿ ಸಾಮ್ರಾಜ್ಯಗಳಿವೆ, ನೌಕಾಪಡೆಗಳಿವೆ, ಒಪ್ಪಂದಗಳಿವೆ, ಮಿಷನರಿಗಳಿದ್ದಾರೆ. ಜೇನುಕುರುಬ, ಯರವ, ಪಣಿಯ ಇವರಿಗೆ ಅಲ್ಲಿ ಜಾಗವಿಲ್ಲ. ಪಳಶ್ಶಿ ರಾಜನನ್ನು ಕುರಿತು ಮಲಯಾಳಂನಲ್ಲಿ ಕೇರಳ ಸಿಂಹಂ ಎಂಬ ಕಾದಂಬರಿ ಬರೆದವರು ಅವರು. ಪಳಶ್ಶಿಯ ಜೊತೆ ವಯನಾಡಿನ ಕಾಡಿನಲ್ಲಿ ಬಿಲ್ಲು ಹಿಡಿದು ನಿಂತವರು ಕುರಿಚ್ಯರು ಮತ್ತು ಕುರುಂಬರು. ಸಿಂಹ ಎಂಬ ಬಿರುದು ಮಾತ್ರ ರಾಜನಿಗೇ ಸಂದಿತು.

ಸಂಬಳ ಕೊಟ್ಟವರ ಚರಿತ್ರೆ

1920ರ ದಶಕದ ಕೊನೆಗೆ ಪಣಿಕ್ಕರ್ ದೇಶೀಯ ಸಂಸ್ಥಾನಗಳ ಸೇವೆಗೆ ಸೇರಿದರು. ಕಾಶ್ಮೀರ, ಪಟಿಯಾಲಾ, ಬಿಕಾನೇರ್ ಹೀಗೆ ಒಂದಾದ ಮೇಲೊಂದು. ನರೇಂದ್ರ ಮಂಡಲದಲ್ಲೂ ದುಡಿದರು. 1947ರಲ್ಲಿ ಅನೇಕ ರಾಜರು ಹಿಂದೆ ಮುಂದೆ ನೋಡುತ್ತಿದ್ದಾಗ ಬಿಕಾನೇರ್ ಸಂವಿಧಾನ ಸಭೆಗೆ ಮೊದಲೇ ಬಂದು ಸೇರಿದ್ದರಲ್ಲಿ ಅದರ ದಿವಾನರಾಗಿದ್ದ ಪಣಿಕ್ಕರ್ ಅವರ ಪಾತ್ರ ದೊಡ್ಡದು. ಇದನ್ನು ಅವರ ಖಾತೆಯಲ್ಲಿ ಬರೆಯಲೇಬೇಕು.

ಇನ್ನೊಂದು ಖಾತೆಯೂ ಇದೆ. ಕಾಶ್ಮೀರದ ಡೋಗ್ರಾ ಅರಮನೆಯ ಸೇವೆಗೆ ಸೇರಿದವರು 1930ರಲ್ಲಿ ಆ ವಂಶದ ಮೂಲಪುರುಷ ಗುಲಾಬ್ ಸಿಂಗನ ಜೀವನಚರಿತ್ರೆ ಪ್ರಕಟಿಸಿದರು. 1846ರ ಅಮೃತಸರ ಒಪ್ಪಂದದಲ್ಲಿ ಬ್ರಿಟಿಷರಿಗೆ 75 ಲಕ್ಷ ರೂಪಾಯಿ ತೆರಲು ಒಪ್ಪಿ ಕಾಶ್ಮೀರವನ್ನು ಪಡೆದವನು ಈತ. ಜನ, ಜಮೀನು, ಕಣಿವೆ ಎಲ್ಲ ಸೇರಿ ಒಂದು ಬೆಲೆ. ಪಣಿಕ್ಕರ್ ಗುಲಾಬ್ ಸಿಂಗನಲ್ಲಿ ರಾಜ್ಯ ಕಟ್ಟಿದ ಕುಶಲಿಯನ್ನು ಕಂಡರು. ಮಾರಾಟವಾದ ಕಣಿವೆಯ ರೈತ, ನೇಕಾರರ ಕಡೆಯಿಂದ ಅದೇ ಒಪ್ಪಂದ ಹೇಗೆ ಕಾಣುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆಯಾಗಲಿಲ್ಲ. ಪುಸ್ತಕ ಬಂದ ಮರುವರ್ಷವೇ, 1931ರ ಜುಲೈನಲ್ಲಿ, ಶ್ರೀನಗರದ ಸೆರೆಮನೆಯೆದುರು ಗುಂಡು ಹಾರಿ ಆ ಪ್ರಶ್ನೆ ಬೀದಿಗೆ ಬಂತು.

ಪಣಿಕ್ಕರ್ ಮಾರಿಕೊಂಡರು ಎಂದು ನಾನು ಹೇಳುತ್ತಿಲ್ಲ. ಅವರ ಒಲವೇ ಹಾಗಿತ್ತು. ರಾಜ್ಯಗಳು ಹೇಗೆ ಕಟ್ಟಲ್ಪಡುತ್ತವೆ ಎಂಬುದರಲ್ಲಿ ಅವರಿಗಿದ್ದ ಆಸಕ್ತಿ, ಕಟ್ಟುವಾಗ ಯಾರು ಅಡಿಗೆ ಬೀಳುತ್ತಾರೆ ಎಂಬುದರಲ್ಲಿ ಇರಲಿಲ್ಲ.

ಚೀನಾದ ಕರೆ ಮತ್ತು ಬೈಲುಕುಪ್ಪೆ

1948ರಲ್ಲಿ ಪಣಿಕ್ಕರ್ ಚೀನಾಕ್ಕೆ ರಾಯಭಾರಿಯಾಗಿ ಹೋದರು. ಮರುವರ್ಷ ಚಿಯಾಂಗ್ ಕೈಶೇಕ್ ಸರ್ಕಾರ ಉರುಳಿ ಮಾವೋ ಅಧಿಕಾರಕ್ಕೆ ಬಂದರು. ಎರಡೂ ಚೀನಾಗಳನ್ನು ಕಂಡ ರಾಯಭಾರಿ ಎಂಬ ಅಪರೂಪದ ಅನುಭವ ಅವರದಾಯಿತು. 1950ರ ಅಕ್ಟೋಬರ್ 3ರ ನಡುರಾತ್ರಿ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಕರೆಸಿ, ಕೊರಿಯಾದಲ್ಲಿ ಅಮೆರಿಕನ್ ಪಡೆಗಳು 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ಎಚ್ಚರಿಸಿದರು. ಪಣಿಕ್ಕರ್ ಅದನ್ನು ದೆಹಲಿಗೆ ತಿಳಿಸಿದರು, ದೆಹಲಿ ಪಶ್ಚಿಮಕ್ಕೆ ತಿಳಿಸಿತು. ಪಣಿಕ್ಕರ್ ಕಮ್ಯುನಿಸ್ಟರ ಪರ ಎಂದು ಮೊದಲೇ ತೀರ್ಮಾನಿಸಿದ್ದ ವಾಷಿಂಗ್ಟನ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ತಿಂಗಳು ಚೀನೀ ಪಡೆಗಳು ಯಾಲು ನದಿ ದಾಟಿದವು. ಯುದ್ಧ 1953ರವರೆಗೆ ಎಳೆಯಿತು. ಒಬ್ಬ ಏಷ್ಯನ್ನನ ಮಾತನ್ನು ನಂಬದೆ ಇದ್ದುದರ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೆ ಅದೇ ಅಕ್ಟೋಬರಿನಲ್ಲಿ ಚೀನೀ ಸೈನ್ಯ ಟಿಬೆಟ್ಟಿನ ಪೂರ್ವದ ಚಾಮ್ಡೊ ಕಡೆಗೂ ನುಗ್ಗಿತು. ಇಲ್ಲಿ ಪಣಿಕ್ಕರರ ಲೆಕ್ಕ ತಪ್ಪಿತು. ನವೆಂಬರ್ 7ರಂದು ಸರ್ದಾರ್ ಪಟೇಲರು ನೆಹರೂ ಅವರಿಗೆ ಬರೆದ ಪತ್ರದಲ್ಲಿ, ನಮ್ಮ ರಾಯಭಾರಿ ಚೀನಾದ ನಡೆಗೆ ಸಮರ್ಥನೆ ಹುಡುಕುವುದರಲ್ಲೇ ಶ್ರಮಪಡುತ್ತಿದ್ದಾರೆ ಎಂಬ ಅರ್ಥದ ಕಟುವಾದ ಆಕ್ಷೇಪವಿತ್ತು. ನನಗನ್ನಿಸುವಂತೆ ಇಲ್ಲಿ ಎಡವಿದ್ದು ರಾಯಭಾರಿಗಿಂತ ಹೆಚ್ಚಾಗಿ ಇತಿಹಾಸಕಾರ. ವಾಸ್ಕೋ ಡ ಗಾಮ ಯುಗ ಮುಗಿಯಿತು, ಏಷ್ಯಾ ಎದ್ದು ನಿಂತಿತು ಎಂಬುದು ಅವರ ಸಿದ್ಧಾಂತ. ಆ ಸಿದ್ಧಾಂತದಲ್ಲಿ ದಬ್ಬಾಳಿಕೆ ಮಾಡುವವರು ಹಡಗಿನಲ್ಲಿ ಬಂದ ಬಿಳಿಯರು. ಏಷ್ಯಾದ ದೊಡ್ಡ ದೇಶವೊಂದು ಏಷ್ಯಾದ ಸಣ್ಣ ಜನರನ್ನು ನೆಲದ ಮೇಲಿನಿಂದಲೇ ನುಂಗಬಹುದು ಎಂಬುದಕ್ಕೆ ಅಲ್ಲಿ ಅಧ್ಯಾಯವೇ ಇರಲಿಲ್ಲ.

ಆ ಇಲ್ಲದ ಅಧ್ಯಾಯವನ್ನು ಓದಬೇಕೆಂದರೆ ದುಬಾರೆಯಿಂದ ಹೊರಟು ಕುಶಾಲನಗರದ ಸೇತುವೆ ದಾಟಿದರೆ ಸಾಕು. ಬೈಲುಕುಪ್ಪೆ ಸಿಗುತ್ತದೆ. ಅಂದಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ನೆಲದಲ್ಲಿ 1961ರಲ್ಲಿ ಟಿಬೆಟ್ ನಿರಾಶ್ರಿತರು ಕಾಡು ಕಡಿದು ನೆಲೆ ನಿಂತ ಊರು. ಪಣಿಕ್ಕರ್ ಮೈಸೂರಿನಲ್ಲಿ ಕುಲಪತಿಯಾಗಿದ್ದಾಗ ಅದೇ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕಿನಲ್ಲಿ ಈ ಜನ ಜೋಳ ಬಿತ್ತಲು ಕಲಿಯುತ್ತಿದ್ದರು.

ಕೊಡಗು ಬಂತು, ಕಾಸರಗೋಡು ಹೋಯಿತು

1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. ಅಧ್ಯಕ್ಷರು ಸಯ್ಯದ್ ಫಜಲ್ ಅಲಿ, ಸದಸ್ಯರು ಹೃದಯನಾಥ ಕುಂಜ್ರು ಮತ್ತು ಪಣಿಕ್ಕರ್. 104 ಊರುಗಳನ್ನು ಸುತ್ತಿ, 9,000ಕ್ಕೂ ಹೆಚ್ಚು ಜನರ ಅಹವಾಲು ಕೇಳಿ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟರು. ಕನ್ನಡಿಗರ ಪಾಲಿಗೆ ಆ ವರದಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಿತ್ತು. ಕೊಡಗು ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಆಂಧ್ರಕ್ಕೆ ಹೋಗಲಿ ಎಂದೂ ಅವರು ಹೇಳಿದ್ದರು. ಕೇಂದ್ರ ಸರ್ಕಾರ ಒಪ್ಪದ್ದರಿಂದ ಅವು ಉಳಿದವು.

ಕಾಸರಗೋಡಿನ ವಿಷಯದಲ್ಲಿ ಮಲಯಾಳಿಯಾದ ಪಣಿಕ್ಕರ್ ಪಕ್ಷಪಾತ ಮಾಡಿದರು ಎಂಬ ಮಾತು ಅಂದಿನಿಂದಲೂ ಇದೆ. ತೀರ್ಮಾನ ಮೂವರದ್ದು. ಇಡೀ ತಾಲೂಕನ್ನು ಒಂದು ಘಟಕವಾಗಿ ಎಣಿಸಿದ್ದರಿಂದ ಚಂದ್ರಗಿರಿ ಹೊಳೆಯ ಉತ್ತರದ ಕನ್ನಡ, ತುಳು ಸೀಮೆ ಲೆಕ್ಕದಲ್ಲಿ ಮುಳುಗಿತು. ಆದ್ದರಿಂದ ಒಬ್ಬರ ಮೇಲೆ ಮಾತ್ರ ದೂರು ಹೊರಿಸುವುದು ನ್ಯಾಯವಲ್ಲ. ಆದರೆ ಔಚಿತ್ಯದ ಪ್ರಶ್ನೆ ಬೇರೆ. ಅಧ್ಯಕ್ಷ ಫಜಲ್ ಅಲಿ ತಮಗೆ ಬಿಹಾರದೊಂದಿಗೆ ದೀರ್ಘ ನಂಟಿದೆ ಎಂಬ ಕಾರಣಕ್ಕೆ ಬಿಹಾರ–ಬಂಗಾಳ, ಬಿಹಾರ–ಒಡಿಶಾ ಗಡಿ ತಕರಾರುಗಳ ತೀರ್ಮಾನದಿಂದ ತಾವಾಗಿ ದೂರ ನಿಂತರು. ನ್ಯಾಯಾಧೀಶರಾಗಿದ್ದವರ ಶಿಸ್ತು ಅದು. ಪಣಿಕ್ಕರ್ ಕೇರಳದ ಗಡಿಯ ವಿಷಯದಲ್ಲಿ ಹಾಗೆ ದೂರ ನಿಂತಿದ್ದರೆ ತೀರ್ಮಾನ ಬದಲಾಗುತ್ತಿತ್ತೋ ಇಲ್ಲವೋ, ಅನುಮಾನವಂತೂ ಉಳಿಯುತ್ತಿರಲಿಲ್ಲ. ಭಿನ್ನಾಭಿಪ್ರಾಯ ಬರೆಯಲು ಅಂಜುವವರೇನೂ ಅವರಲ್ಲ. ಉತ್ತರ ಪ್ರದೇಶ ಅತಿ ದೊಡ್ಡದು, ಒಕ್ಕೂಟದ ಸಮತೋಲಕ್ಕೆ ಅದು ಒಳ್ಳೆಯದಲ್ಲ, ಅದನ್ನು ಒಡೆಯಬೇಕು ಎಂದು ಒಬ್ಬರೇ ಪ್ರತ್ಯೇಕ ಟಿಪ್ಪಣಿ ಬರೆದರು. ಎಪ್ಪತ್ತು ವರ್ಷಗಳ ನಂತರವೂ ಆ ಟಿಪ್ಪಣಿ ಓದಲು ಯೋಗ್ಯ. ದೂರದ ಗಂಗೆಯ ಬಯಲಿನಲ್ಲಿ ಅಷ್ಟು ದೂರ ನೋಡಿದ ಕಣ್ಣು ಹತ್ತಿರದ ಚಂದ್ರಗಿರಿಯಲ್ಲಿ ಮಂಜಾಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಲಿ ಎಂದಿತು. ಅದು ಜಾರಿಗೆ ಬರಲಿಲ್ಲ.

ಕಾಸರಗೋಡಿಗಾಗಿ ನೊಂದ ನಾವು ಕೊಡಗಿನ ಬಗ್ಗೆ ಅಷ್ಟಾಗಿ ಯೋಚಿಸಿದವರಲ್ಲ. ಅದು ನಮಗೆ ಸಿಕ್ಕಿತಲ್ಲ, ಸಾಕು. ಕೊಡಗಿನಲ್ಲಿ ಕನ್ನಡ ಮಾತಾಡುವವರೇ ದೊಡ್ಡ ಗುಂಪು, ಕೊಡವ ತಕ್ಕ್ ಕನ್ನಡದ ಉಪಭಾಷೆ ಎಂಬ ಜನಗಣತಿಯ ನೋಟವನ್ನು ಆಯೋಗ ಆಧಾರ ಮಾಡಿಕೊಂಡಿತು. ಕೊಡವ ಸ್ವತಂತ್ರ ದ್ರಾವಿಡ ಭಾಷೆ ಎಂದು ಭಾಷಾ ವಿಜ್ಞಾನಿಗಳು ಇಂದು ಹೇಳುತ್ತಾರೆ. 1952ರಲ್ಲಿ ಆಯ್ಕೆಯಾದ 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಅವರ ಮಂತ್ರಿಮಂಡಲ ಎಲ್ಲ ಇದ್ದ ರಾಜ್ಯ ಅದು. ವಿಲೀನ ಬೇಡವೆಂದು ಪಂದ್ಯಂಡ ಬೆಳ್ಯಪ್ಪ ಅವರಂಥ ಗಾಂಧಿವಾದಿ ನಿಂತಿದ್ದರು. ಅವರ ಆತಂಕವನ್ನು ನಾವು ಕಾಸರಗೋಡಿನ ಕನ್ನಡಿಗರ ಆತಂಕದಷ್ಟೇ ಗೌರವದಿಂದ ಕೇಳಿದ್ದೇವೆಯೇ? ನಮ್ಮ ಕಡೆಗೆ ಬಂದ ಗೆರೆ ನ್ಯಾಯ, ನಮ್ಮಿಂದ ಹೋದ ಗೆರೆ ಅನ್ಯಾಯ ಎಂದರೆ ಪಣಿಕ್ಕರ್ ಅವರನ್ನು ದೂರುವ ನೈತಿಕ ಹಕ್ಕು ನಮಗೆಲ್ಲಿದೆ?

ಉದ್ದಕ್ಕೆ ಸೀಳಿತೇ?

ಪಣಿಕ್ಕರರ ಇನ್ನೊಂದು ಪ್ರಸಿದ್ಧ ಪುಸ್ತಕ 1947ರಲ್ಲಿ ಬಂದ ಭಾರತದ ಇತಿಹಾಸದ ಸಮೀಕ್ಷೆ. ಅದರಲ್ಲಿನ ಒಂದು ವಾದ ಪಠ್ಯಪುಸ್ತಕಗಳವರೆಗೆ ಹರಿದು ಬಂದಿದೆ. ಇಸ್ಲಾಮ್ ಬರುವ ಮುನ್ನ ಭಾರತೀಯ ಸಮಾಜ ಅಡ್ಡಡ್ಡ ಪದರಗಳಾಗಿತ್ತು, ಇಸ್ಲಾಮ್ ಅದನ್ನು ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಎರಡಾಗಿ ಸೀಳಿತು ಎಂಬುದು ಅದರ ಸಾರ. ಪುಸ್ತಕ ಬಂದ ವರ್ಷ ದೇಶವೇ ಎರಡಾಗಿತ್ತು. ಕಣ್ಣೆದುರಿನ ರಕ್ತವನ್ನು ಇತಿಹಾಸಕಾರ ಏಳು ಶತಮಾನ ಹಿಂದಕ್ಕೆ ಓದಿದರು.

ಈ ವಾದವನ್ನು ಪರೀಕ್ಷಿಸಲು ಕೊಡಗಿಗಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಕೊಡವ ತಕ್ಕ್ ಮನೆಮಾತಾಗಿರುವ, ಕೊಡವ ಮನೆತನದ ಹೆಸರುಗಳನ್ನೇ ಇಟ್ಟುಕೊಂಡಿರುವ ಮುಸ್ಲಿಮರಿದ್ದಾರೆ. ಜಮ್ಮಾ ಮಾಪಿಳ್ಳೆಗಳೆಂದು ಅವರನ್ನು ಕರೆಯುತ್ತಾರೆ. ಟಿಪ್ಪುವಿನ ಕಾಲದಲ್ಲಿ ಮತಾಂತರಗೊಂಡು, ನಂತರ ಊರಿಗೆ ಮರಳಿದವರ ಸಂತತಿ ಎಂಬ ಹೇಳಿಕೆ ಅವರ ಬಗ್ಗೆ ಇದೆ. ನಮಾಜು ಬದಲಾಯಿತು, ಮನೆಯ ಹೆಸರು ಬದಲಾಗಲಿಲ್ಲ. ಎಮ್ಮೆಮಾಡಿನ ಸೂಫಿ ಶಹೀದ್ ದರ್ಗಾಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಮೇಲಿನಿಂದ ಕೆಳಗೆ ಸೀಳಿದ್ದರೆ ಇದೆಲ್ಲ ಹೇಗೆ ಉಳಿಯಿತು?

ಇದರರ್ಥ ಕೊಡಗಿನಲ್ಲಿ ಗಾಯವೇ ಇಲ್ಲ ಎಂದಲ್ಲ. ಟಿಪ್ಪುವಿನ ದಂಡಯಾತ್ರೆಗಳಲ್ಲಿ ಕೊಡವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದನ್ನು ಆ ಕಾಲದ ಬರಹಗಾರ ಕಿರ್ಮಾನಿಯೇ ಬರೆದಿದ್ದಾನೆ. ಸಂಖ್ಯೆಯ ಬಗ್ಗೆ ವಾದ ಮಾಡಬಹುದು, ನೋವಿನ ಬಗ್ಗೆ ಅಲ್ಲ. ಕೊಡವರ ಆ ನೆನಪನ್ನು ಅಲ್ಲಗಳೆದು ಟಿಪ್ಪುವಿನ ಗೌರವ ಉಳಿಸಬೇಕಾಗಿಲ್ಲ. 2015ರ ನವೆಂಬರ್ 10ರಂದು ಮಡಿಕೇರಿಯಲ್ಲಿ ಜಯಂತಿಯ ಹೆಸರಿನಲ್ಲಿ ನಡೆದ ಗಲಭೆ, ಆದ ಸಾವು ಇವೆಲ್ಲ ನೆನಪನ್ನು ಗುರಾಣಿಯಾಗಿಯೋ ಕತ್ತಿಯಾಗಿಯೋ ಹಿಡಿದಾಗ ಏನಾಗುತ್ತದೆ ಎಂಬುದನ್ನು ತೋರಿಸಿದವು.

ಈ ಜಗಳದಲ್ಲೂ ಪಣಿಕ್ಕರರ ಹೆಸರು ಬರುತ್ತದೆ. 1923ರಲ್ಲಿ ಭಾಷಾಪೋಷಿಣಿ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರೆಂದು ಹೇಳಿ ಮತಾಂತರದ ಕುರಿತ ಟಿಪ್ಪುವಿನ ಪತ್ರಗಳನ್ನು ಉದ್ಧರಿಸುವುದು ವಾಡಿಕೆ. ಮೂಲವನ್ನು ನೋಡಿದವರು ಕಡಿಮೆ, ಉದ್ಧರಿಸುವವರು ಹೆಚ್ಚು. ಹೀಗೆ ಉದ್ಧರಿಸುವವರು ಅದೇ ಇತಿಹಾಸಕಾರ ಪೋರ್ಚುಗೀಸರ ಕ್ರೌರ್ಯದ ಬಗ್ಗೆ, ಸಾಮೂದಿರಿ ಮತ್ತು ಅವನ ಮುಸ್ಲಿಂ ನಾವಿಕರ ಬಗ್ಗೆ ಬರೆದದ್ದನ್ನು ಎತ್ತುವುದಿಲ್ಲ. ನಾವೂ ಅಷ್ಟೇ. ನಮಗೆ ಹಿತವಾದ ಪಣಿಕ್ಕರ್ ಬೇಕು, ಅಹಿತವಾದ ಪಣಿಕ್ಕರ್ ಬೇಡ. ಇಡೀ ಪುಸ್ತಕ ಓದುವ ಅಭ್ಯಾಸ ಎರಡೂ ಕಡೆ ತಪ್ಪಿದೆ.

ಕೇಳದೆ ಉಳಿದವರು

ಮತ್ತೆ ದುಬಾರೆಗೆ ಬರೋಣ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಜೇನುಕುರುಬರನ್ನು ಯಾರೂ ಕೇಳಲಿಲ್ಲ. 1956ರಲ್ಲಿ ಕೊಡಗು ಮೈಸೂರಿಗೆ ಸೇರಿದಾಗಲೂ ಹಾಡಿಯ ಮಾತು ವರದಿಯ ದಾರಿಯನ್ನು ತಿರುಗಿಸಲಿಲ್ಲ. ಅವರ ನುಡಿಗೆ ಲಿಪಿಯಿಲ್ಲ, ಮನವಿಪತ್ರ ಬರೆಯುವವರಿಲ್ಲ. ಖೆಡ್ಡಾ 1971ರಲ್ಲಿ ನಿಂತಿತು. ಆನೆಗಳು ದಿಮ್ಮಿ ಎಳೆಯುವ ಕಾಲವೂ ಮುಗಿದು ಪ್ರವಾಸೋದ್ಯಮ ಬಂತು. ಆನೆಯ ಫೋಟೊ ತೆಗೆಯುವವರು ಅದರ ಹೆಸರು ಕೇಳುತ್ತಾರೆ, ಮಾವುತನ ಹೆಸರು ಕೇಳುವವರು ವಿರಳ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದರೂ 2016ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳು ನೆಲಸಮವಾದವು.

ಪಣಿಕ್ಕರ್ ಸಣ್ಣ ಮನುಷ್ಯರಲ್ಲ. ಅವರಷ್ಟು ಓದಿದ, ಅಷ್ಟು ನಾಡುಗಳನ್ನು ಕಂಡ, ಕವಿಯೂ ಕಾದಂಬರಿಕಾರರೂ ಆಗಿ ಕೇರಳ ಸಾಹಿತ್ಯ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆದ ಇತಿಹಾಸಕಾರ ಇಂದಿನ ರಾಜಕೀಯದಲ್ಲಿ ಒಬ್ಬರಾದರೂ ಇದ್ದಾರೆಯೇ? ಕನ್ನಡದ ಏಕೀಕರಣಕ್ಕೆ ಹಾಡಿದ ಕುವೆಂಪು 1960ರವರೆಗೆ ಕುಳಿತಿದ್ದ ಕುಲಪತಿಯ ಕುರ್ಚಿಗೆ, ಕಾಸರಗೋಡನ್ನು ಕೇರಳಕ್ಕೆ ಕೊಟ್ಟ ಆಯೋಗದ ಸದಸ್ಯರನ್ನು ಕೆಲವೇ ವರ್ಷಗಳಲ್ಲಿ ಕರೆತಂದು ಕೂರಿಸುವಷ್ಟು ಮೈಸೂರು ಆಗ ಉದಾರವಾಗಿತ್ತು ಎಂಬುದೂ ನೆನಪಿರಲಿ.

ಅವರ ಬದುಕಿನಿಂದ ನಾನು ಕಲಿತದ್ದು ಇಷ್ಟು. ದೂರದಿಂದ ಕಾಣುವ ನೋಟ ಸುಳ್ಳಲ್ಲ, ಆದರೆ ಅದು ಅರ್ಧ. ಅವರು ಎಳೆದ, ಅಳಿಸಿದ ಗೆರೆಗಳ ನಡುವೆ ಬದುಕುವ ಕೊಡವ, ಮಾಪಿಳ್ಳೆ, ಟಿಬೆಟಿ, ಜೇನುಕುರುಬ ಎಲ್ಲರೂ ಒಂದೇ ಕಾವೇರಿಯ ಆಜುಬಾಜಿನಲ್ಲಿ ಇದ್ದಾರೆ. ಪಠ್ಯಪುಸ್ತಕ ತಿದ್ದುವ, ಊರಿನ ಹೆಸರು ಬದಲಿಸುವ, ಯಾರು ಹೊರಗಿನವರೆಂದು ಪಟ್ಟಿ ಮಾಡುವ ಉತ್ಸಾಹ ಹೆಚ್ಚಾಗಿರುವ ಈ ದಿನಗಳಲ್ಲಿ ಗೆರೆ ಎಳೆಯಲು ಕುಳಿತವರು ಒಮ್ಮೆ ಆ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ, ಅಲ್ಲಿನ ಮಾವುತನೊಬ್ಬನ ಮಾತು ಕೇಳಿ ಬಂದರೆ ನಷ್ಟವೇನೂ ಇಲ್ಲ.